ಸಿಸ್ಟಮ್ ತಗೊಳ್ತಿಲ್ಲ ಸಾರ್

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಆರು ತಿಂಗಳಿಗೊಮ್ಮೆ ಆ ಫಾರ್ವರ್ಡ್ ಬಂದೇ ಬರುತ್ತದೆ. ಚೀನಾದಲ್ಲಿ ಪ್ರತಿಯೊಬ್ಬರಿಗೂ ಸರ್ಕಾರ ಮಾರ್ಕ್ಸ್ ಕೊಡುತ್ತದಂತೆ, ಮಾರ್ಕ್ಸ್ ಕಮ್ಮಿಯಾದರೆ ರೈಲು ಹತ್ತಂಗಿಲ್ಲವಂತೆ. ಕೆಳಗೆ ನಮ್ಮ ಮಾವನ ಮಾತು: 'ಸದ್ಯ, ನಾವು ಇಂಡಿಯಾದಲ್ಲಿ ಹುಟ್ಟಿದ್ವಿ.' ಹೋದ ತಿಂಗಳು ಇದನ್ನು ಓದಿದ್ದು ಬ್ಯಾಂಕಿನ ಬೆಂಚಿನ ಮೇಲೆ ಕೂತು. ನನ್ನ ಹೋಮ್ ಲೋನ್ ಅರ್ಜಿ ಆಗಷ್ಟೇ ವಾಪಸ್ ಬಂದಿತ್ತು.

ಮೊದಲು ಚೀನಾ ವಿಷಯ. ಇಡೀ ದೇಶಕ್ಕೆ ಒಂದೇ ಮಾರ್ಕ್ಸ್ ಕಾರ್ಡ್ ಅನ್ನುವುದು ಸುಳ್ಳು. 2014ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಯೋಜನೆ ಪ್ರಕಟಿಸಿದ್ದು ನಿಜ. ಆದರೆ ಅಂಕ ಕೊಡುವ ಪ್ರಯೋಗ ಮಾಡಿದ್ದು ಕೆಲವು ಊರುಗಳು. ಶಾನ್‌ಡಾಂಗ್ ಪ್ರಾಂತ್ಯದ ರೋಂಗ್‌ಚೆಂಗ್‌ನಲ್ಲಿ ಎಲ್ಲರಿಗೂ 1000 ಅಂಕ ಕೊಟ್ಟು ಶುರು ಮಾಡಿದರು. ಟ್ರಾಫಿಕ್ ದಂಡ ಬಿದ್ದರೆ ಕಳೆ, ಒಳ್ಳೆ ಕೆಲಸ ಮಾಡಿದರೆ ಕೂಡು.

ಜನಕ್ಕೆ ನಿಜವಾಗಿ ಬಿಸಿ ಮುಟ್ಟಿಸಿದ್ದು ಕೋರ್ಟಿನ ಪಟ್ಟಿ. ಕೋರ್ಟು ಕಟ್ಟು ಅಂದ ಮೇಲೂ ಹಣ ಕಟ್ಟದವರ ಹೆಸರನ್ನು ಅಲ್ಲಿನ ಸುಪ್ರೀಂ ಪೀಪಲ್ಸ್ ಕೋರ್ಟ್ 2013ರಿಂದ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದೆ. ಹೆಸರು ಬಿತ್ತೋ, ವಿಮಾನ ಇಲ್ಲ, ಹೈಸ್ಪೀಡ್ ರೈಲು ಇಲ್ಲ, ಮಕ್ಕಳನ್ನು ದುಬಾರಿ ಖಾಸಗಿ ಶಾಲೆಗೆ ಸೇರಿಸುವಂತಿಲ್ಲ. 2018ರ ಕೊನೆಗೆ ತಡೆದ ವಿಮಾನ ಟಿಕೆಟ್‌ಗಳ ಲೆಕ್ಕವೇ 1 ಕೋಟಿ 70 ಲಕ್ಷ ದಾಟಿತ್ತು. ಕೆಲವು ಕಡೆ ಇಂಥವರಿಗೆ ಫೋನ್ ಮಾಡಿದರೆ ಟ್ರಿಂಗ್ ಟ್ರಿಂಗ್ ಬದಲು, ಇವರು ಬಾಕಿದಾರರು ಅಂತ ರೆಕಾರ್ಡಿಂಗ್ ಕೇಳಿಸುತ್ತಿತ್ತು. ಮಾನನಷ್ಟ ಕೇಸಿನಲ್ಲಿ ಸೋತ ಪತ್ರಕರ್ತ ಲಿಯು ಹು ಅವರಿಗೆ ತಾವು ಪಟ್ಟಿಯಲ್ಲಿರುವುದು ಗೊತ್ತಾದದ್ದೇ 2017ರಲ್ಲಿ ವಿಮಾನದ ಟಿಕೆಟ್ ಬುಕ್ ಮಾಡಲು ಹೋದಾಗ.

ನನಗೂ ಹೆಚ್ಚುಕಮ್ಮಿ ಹಾಗೇ ಗೊತ್ತಾಯಿತು. ಐದು ವರ್ಷದ ಹಿಂದೆ ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಶ್ಯೂರಿಟಿ ಹಾಕಿದ್ದೆ. ಒಂದು ವರ್ಷ ಮಳೆ ಕೈಕೊಟ್ಟಿತು, ನಾಲ್ಕು ಕಂತು ಬಾಕಿ ಉಳಿಸಿಕೊಂಡ. ಆಮೇಲೆ ಪೂರ್ತಿ ಕಟ್ಟಿದ. ಇದನ್ನು ಅವನೂ ನನಗೆ ಹೇಳಲಿಲ್ಲ, ಫೈನಾನ್ಸ್‌ನವರೂ ಹೇಳಲಿಲ್ಲ. ಹೇಳಿದ್ದು ಲೋನ್ ಆಫೀಸರ್ ನನ್ನ ಕಡೆ ತಿರುಗಿಸಿದ ಸ್ಕ್ರೀನ್. ಯಾರು ಸಾಲ ಹೇಗೆ ತೀರಿಸಿದರು ಅಂತ ಲೆಕ್ಕ ಇಟ್ಟು ಅಂಕ ಕೊಡುವ ಸಿಬಿಲ್‌ನ 300ರಿಂದ 900ರವರೆಗಿನ ಅಳತೆಯಲ್ಲಿ ನಾನು 640. 'ನಿಮ್ಮ ಸಂಬಳ ಎಲ್ಲಾ ಚೆನ್ನಾಗಿದೆ. ಸಿಸ್ಟಮ್ ತಗೊಳ್ತಿಲ್ಲ ಸಾರ್' ಅಂದ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ.

ಚೀನಾಕ್ಕೂ ಇದಕ್ಕೂ ಹೋಲಿಕೆ ಜಾಸ್ತಿ ಆಯ್ತು ಅಂತೀರಾ? ಅರ್ಧ ಒಪ್ಪುತ್ತೇನೆ. ಸಿಬಿಲ್ ಖಾಸಗಿ ಕಂಪನಿ, ನಾನು ಫೇಸ್‌ಬುಕ್ಕಲ್ಲಿ ಏನು ಬರೆದೆ ಅಂತ ಅದು ಕೇಳುವುದಿಲ್ಲ. ಸಾಲ ಕೊಡುವವರು ಹಳೇ ಲೆಕ್ಕ ನೋಡುವುದು ತಪ್ಪೂ ಅಲ್ಲ. ನಮ್ಮೂರ ಅಂಗಡಿ ಶೆಟ್ಟರು ಉದ್ರಿ ಪುಸ್ತಕ ತಿರುವಿ ಹಾಕಿಯೇ ಅಕ್ಕಿ ಅಳೆಯುತ್ತಿದ್ದರು. ಆದರೆ ಆ ಪುಸ್ತಕ ಅಂಗಡಿ ಬಿಟ್ಟು ಆಚೆ ಬರುತ್ತಿರಲಿಲ್ಲ. (ಶೆಟ್ಟರ ಬಾಯಿ ಬರುತ್ತಿತ್ತು. ಯಾರ ಮನೆ ಬಾಕಿ ಎಷ್ಟು ಅಂತ ಇಡೀ ಬೀದಿಗೆ ಗೊತ್ತಿತ್ತು. ಊರು ಬಿಟ್ಟರೆ ಅದೂ ಬಿಡುತ್ತಿತ್ತು. ಈಗ ಎಲ್ಲಿಗೆ ಹೋದರೂ ಪಾನ್ ಕಾರ್ಡ್ ಜೊತೆಗೇ ಬರುತ್ತದಲ್ಲ.)

ನನ್ನ ತಕರಾರು ಇಷ್ಟೇ: ಸಾಲಕ್ಕೆ ಅಂತ ಹುಟ್ಟಿದ ನಂಬರು ಸಾಲದ ಕೌಂಟರ್ ಬಿಟ್ಟು ಓಡಾಡಬಾರದು. ಓಡಾಡುತ್ತಿದೆ. ಸಿಬಿಲ್ ಸರಿಯಿಲ್ಲ ಅಂತ ಸ್ಟೇಟ್ ಬ್ಯಾಂಕ್ ಒಬ್ಬರ ನೇಮಕಾತಿ ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಬೇರೆಯವರ ದುಡ್ಡು ನೋಡಿಕೊಳ್ಳುವ ಕೆಲಸ, ಎಚ್ಚರ ಬೇಕು ಅನ್ನುವುದು ಅರ್ಥವಾಗುತ್ತದೆ. ಆದರೂ ಸಾಲ ತೀರಿಸಲು ಕೆಲಸ ಬೇಕು, ಕೆಲಸ ಸಿಗಲು ಸಾಲ ತೀರಿರಬೇಕು ಅಂದರೆ ಆ ಹುಡುಗ ಎಲ್ಲಿಂದ ಶುರು ಮಾಡಬೇಕು?

ಸಿಬಿಲ್ ರಿಪೋರ್ಟಿನಲ್ಲಿ ತಪ್ಪಿದ್ದರೆ ದೂರು ಕೊಡಬಹುದು. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ, ತೆಗೆದು ನೋಡಿ. ನನ್ನದರಲ್ಲಿ ತಪ್ಪೇ ಇಲ್ಲ, ಅದೇ ಕಷ್ಟ. ನಾಲ್ಕು ಕಂತು ಬಾಕಿ ಇದ್ದದ್ದು ನಿಜ. ಮಳೆ ಬರಲಿಲ್ಲ ಅಂತ ಬರೆಯಲು ಅದರಲ್ಲಿ ಕಾಲಂ ಇಲ್ಲ.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಬೋರ್‌ವೆಲ್‌ಗೆ ಸಾಲ ತೆಗೀತಾನಂತೆ, ಶ್ಯೂರಿಟಿ ಬೇಕಂತೆ. 'ನನ್ನ ಸಹಿ ಈಗ ನಡೆಯಲ್ಲ ಕಣೋ' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

'ಅತ್ತಿಗೆದು ಎಷ್ಟಿದೆ ಅಣ್ಣಾ?'