ಯೆಲ್ಲೋ ಅಲರ್ಟಿನಲ್ಲಿ ಹಪ್ಪಳ

ಉಡುಪಿಯಲ್ಲಿ ಮಳೆಗಾಲ ಶುರುವಾದ ಮೇಲೆ ಹವಾಮಾನ ವರದಿಗೆ ಅಷ್ಟೇನೂ ಬೆಲೆ ಇಲ್ಲ. ನೋಡಿ ಮಾಡುವುದೇನು? ಮಳೆ ಬರುತ್ತದೆ, ಅಷ್ಟೆ. ವರದಿಯನ್ನು ನಾವು ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಟೆರೇಸಿನ ಮೇಲೆ ಏನಾದರೊಂದು ಒಣಗುತ್ತಿರುತ್ತದೆ. ಪುನರ್ಪುಳಿ ಸಿಪ್ಪೆ, ಮಾಂಬಳ, ಮಳೆಗಾಲಕ್ಕೆಂದು ಒಣಮೀನು. ಎಲ್ಲಕ್ಕಿಂತ ಮುಖ್ಯವಾಗಿ ಹಲಸಿನ ಹಪ್ಪಳ.

ಹಪ್ಪಳದಷ್ಟು ನಾಜೂಕಿನ ಜೀವ ಬೇರೊಂದಿಲ್ಲ. ಹಲಸು ಬಲಿತಿರಬೇಕು, ಹಣ್ಣಾಗಿರಬಾರದು. ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಗುದ್ದಬೇಕು. ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ, ಒಂದೊಂದಾಗಿ ಚಾಪೆಗೆ ಬಿಡಿಸಬೇಕು. ಮನೆಯ ಹೆಂಗಸರೆಲ್ಲ ಕೂತರೂ ಬೆಳಗಿನ ಹೊತ್ತು ಪೂರ್ತಿ ಬೇಕು. ಮೊದಲ ದಿನ ಖಡಕ್ ಬಿಸಿಲು ಸಿಗದಿದ್ದರೆ ಮುಗಿಯಿತು. ಅಂಚು ಒಣಗಿ ನಡು ಹಸಿಯಾಗಿಯೇ ಉಳಿಯುತ್ತದೆ, ಮರುದಿನ ಹುಳಿ ವಾಸನೆ, ಆಮೇಲೆ ಬೂಷ್ಟು. ಹಾಗಾಗಿ ಮುನ್ಸೂಚನೆ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಹಕ್ಕು ನಮ್ಮಲ್ಲಿ ಹಪ್ಪಳ ಒತ್ತುವವರಿಗೆ ಮಾತ್ರ ಉಂಟು.

ಪ್ರತಿ ವರ್ಷ ಬೇಸಗೆಯ ಮಳೆಗೂ ಒಂದು ಮರ್ಯಾದೆ ಇರುತ್ತಿತ್ತು. ಮಧ್ಯಾಹ್ನದವರೆಗೆ ಬೆವರಿಳಿಸಿ, ಸಂಜೆ ಘಟ್ಟದ ಕಡೆ ಕಪ್ಪಾಗಿ, ಗುಡುಗಿ, ಮುಂಚಿತವಾಗಿ ತಿಳಿಸಿಯೇ ಬರುತ್ತಿತ್ತು. ಚಾಪೆ ಮಡಚಲು ಸಮಯ ಸಿಗುತ್ತಿತ್ತು. ಮೂಡಣದಿಂದ ಬಂದರೆ ಬೇಸಗೆಯ ಮಳೆ, ಪಡುವಣದ ಕಡಲಿಂದ ಬಂದರೆ ಮಳೆಗಾಲ. ಲೆಕ್ಕ ಸುಲಭ. 2025ರ ಮೇ ಈ ಲೆಕ್ಕವನ್ನೇ ಕೆಡಿಸಿತು. ತಿಂಗಳ ಕೊನೆಗೆ ಕೊಂಕಣ ಕರಾವಳಿಯಾಚೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿಯಿತು. ಕಡಲ ಕಡೆಯಿಂದಲೇ ಹಗಲೂ ರಾತ್ರಿ ಸುರಿಯಿತು. ಇಡೀ ದೇಶಕ್ಕೇ 1901ರಿಂದೀಚೆಗೆ ಅಷ್ಟು ಮಳೆ ಸುರಿದ ಮೇ ಬೇರೊಂದಿಲ್ಲವಂತೆ.

ಪಕ್ಕದ ಮನೆಯ ದೊಡ್ಡಮ್ಮ ಮೊಬೈಲ್ ಹಿಡಿದುಕೊಂಡು ಬಂದರು. "ಇದರಲ್ಲಿ ಯೆಲ್ಲೋ ಅಂತ ಉಂಟು ಮಾರಾಯ್ತಿ. ಯೆಲ್ಲೋ ಅಂದ್ರೆ ಹಪ್ಪಳ ಹಾಕಬಹುದಾ?"

ನ್ಯಾಯವಾದ ಪ್ರಶ್ನೆ. ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣಗಳಲ್ಲಿ ಯೆಲ್ಲೋ ಕೆಳಗಿನ ಮೆಟ್ಟಿಲು, ರೆಡ್ ಮೇಲಿನದು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಭಾಷೆಯಲ್ಲಿ ಅದು ಭಾರಿ ಮಳೆ, 204.4 ದಾಟಿದರೆ ಅತ್ಯಂತ ಭಾರಿ. ಹಪ್ಪಳ ಕೆಡಲು ಎರಡು ಮಿಲಿಮೀಟರ್ ಸಾಕು. ಅದಕ್ಕೆ ಯಾವ ಬಣ್ಣವೂ ಇಲ್ಲ. ಕೊನೆಗೆ ದೊಡ್ಡಮ್ಮ ಆಕಾಶ ನೋಡಿ, ಮೊಬೈಲ್ ನೋಡಿ, ಇದ್ದಬದ್ದ ಸೊಳೆಯನ್ನೆಲ್ಲ ಭರಣಿಯಲ್ಲಿ ಉಪ್ಪಿಗೆ ಹಾಕಿದರು. ಉಪ್ಪು ಸೊಳೆಗೆ ಬಿಸಿಲಿನ ಹಂಗಿಲ್ಲ ನೋಡಿ.

ಮುಂಗಾರಿನ ದೊಡ್ಡ ಮುನ್ನೋಟ ಏಪ್ರಿಲ್‌ನಲ್ಲೇ ಬಂದಿತ್ತು. ವಾಡಿಕೆಯ ಶೇ 105ರಷ್ಟು, ಮೇ ಕೊನೆಗೆ ತಿದ್ದಿ ಶೇ 106. ಆದರೆ ಆ ವಾಡಿಕೆ ಎಂದರೆ ದೇಶದ ಸರಾಸರಿ, ನಾಲ್ಕು ತಿಂಗಳಿಗೆ 87 ಸೆಂಟಿಮೀಟರ್. ಕರಾವಳಿಯಲ್ಲಿ ಬೀಳುವುದು ಅದರ ಮೂರು ಪಟ್ಟಿಗೂ ಜಾಸ್ತಿ. ಮೂರಾಳು ನೀರಲ್ಲಿ ಮುಳುಗಿದವನಿಗೆ ಇನ್ನೊಂದು ಗೇಣು ಏರಿದರೆ ಗೊತ್ತಾಗುವುದುಂಟೇ? ಇದು ದಿಲ್ಲಿಯ ತಪ್ಪಲ್ಲ ಬಿಡಿ. ಅವರು ಇಡೀ ದೇಶಕ್ಕೆ ಹೇಳಬೇಕು, ದೊಡ್ಡಮ್ಮನಿಗೆ ಬುಧವಾರ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಬೇಕು.

ಇದಕ್ಕಿಂತ ಹಳೆಯ ಮುನ್ಸೂಚನೆಯೊಂದು ತುಳುನಾಡಿನಲ್ಲಿ ಉಂಟು, ಪತ್ತನಾಜೆ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24–25ರ ಹೊತ್ತಿಗೆ. ಅಂದಿಗೆ ದೈವಗಳ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂದು ಹಿರಿಯರ ಮಾತು. ಆ ವರ್ಷ ಮೇ 24ಕ್ಕೇ ಮುಂಗಾರು ಕೇರಳ ತಲುಪಿತು, 26ಕ್ಕೆ ಮುಂಬೈಯಲ್ಲಿತ್ತು. ಕೇರಳಕ್ಕೆ ಬರುವ ವಾಡಿಕೆಯ ದಿನವೇ ಜೂನ್ 1. ಕಂಪ್ಯೂಟರ್ ಲೆಕ್ಕ ಹಾಕಿದ ಇಲಾಖೆ ಮೇ 27 ಎಂದಿತ್ತು. ಗೆದ್ದದ್ದು ಪತ್ತನಾಜೆ. ಹತ್ತು ಹನಿ ಕೇಳಿದ್ದಕ್ಕೆ ಸಿಕ್ಕಿದ್ದು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಅಡಿಕೆ ತೋಟದವರಿಗೆ ನಗು ಬರಲಿಲ್ಲ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು. ಮಳೆಯೇ ಮೊದಲು ಬಂದರೆ ಮರ ಹತ್ತುವುದು ಯಾವಾಗ? ಆದರೆ ಪೇಟೆಯವರು ಗೊಣಗುವಂತಿಲ್ಲ. 2019ರ ಮೇ ತಿಂಗಳಲ್ಲಿ ಪೇಟೆಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಟ್ಯಾಂಕರ್ ಹಿಂದೆ ಕೊಡಪಾನ ಹಿಡಿದು ಓಡಿದ್ದು ಮರೆತಿಲ್ಲ ಅಲ್ವಾ?

ನಿಜವಾದ ನಷ್ಟ ಆದದ್ದು ಮಕ್ಕಳಿಗೆ. ಜೋರು ಮಳೆ ಎಂದರೆ ಡಿಸಿ ರಜೆ ಕೊಡಬೇಕು. ಇಲ್ಲಿ ನೋಡಿದರೆ ರೆಡ್ ಅಲರ್ಟ್ ಬಂದದ್ದೇ ಬೇಸಗೆ ರಜೆಯಲ್ಲಿ. ದೊಡ್ಡಮ್ಮನ ಮೊಮ್ಮಗ ಕಿಟಕಿ ಹತ್ತಿರ ಕೂತು ಕೇಳಿದ, "ಅಜ್ಜಿ, ರೆಡ್ ಎಲ್ಲ ಈಗ್ಲೇ ಖಾಲಿಯಾದ್ರೆ ಶಾಲೆ ಶುರುವಾದ ಮೇಲೆ ಎಂತ ಮಾಡುದು?"

"ಹೆದರ್ಬೇಡ ಮಗಾ," ಎಂದರು ದೊಡ್ಡಮ್ಮ, "ಆಟಿ ತಿಂಗಳ ಮಳೆ ಇನ್ನೂ ಬಾಕಿ ಉಂಟು."