ಗಾಳಿ ಎಷ್ಟು ಅಂತ ಕೇಳ್ತೀರಿ, ಭರತಿ (ಸಮುದ್ರದ ಉಬ್ಬರ) ಎಷ್ಟು ಗಂಟೆಗೆ ಅಂತ ಕೇಳಲ್ಲ

ತೂಫಾನು ಬರುತ್ತದೆ ಅಂದ ಕೂಡಲೇ ಊರಿಂದ ಫೋನ್, "ಅಲ್ಲಿ ಗಾಳಿ ಎಷ್ಟುಂಟು?" ಇಲ್ಲಿ ಮುಂಬೈಯಲ್ಲಿ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲೂ ಅದೇ ಕಥೆ. ಒಬ್ಬ ಗಂಟೆಗೆ 90 ಅಂತಾನೆ, ಇನ್ನೊಬ್ಬ 110 ಅಂತಾನೆ, ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ. ಸಮುದ್ರ ಎಷ್ಟು ಏರಬಹುದು ಅಂತ ಕೇಳುವವರು ಒಬ್ಬರೂ ಇಲ್ಲ.

ನನ್ನ ತಲೆಗೆ ಇದನ್ನು ಹಾಕಿದ್ದು ನಮ್ಮ ಮಾವ. ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದವರು, ಆಮೇಲೆ ವರ್ಸೋವಾಕ್ಕೆ ಬಂದು ಇಲ್ಲೇ ಉಳಿದರು. 2020ರ ಜೂನ್ 3, ನಿಸರ್ಗ ಚಂಡಮಾರುತ ಬಂದ ದಿನ, ನಾನು ಟಿವಿ ಎದುರು ಕೂತಿದ್ದೆ, ಅವರು ಪಂಚಾಂಗ ತಿರುವುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ದೊಡ್ಡದಲ್ಲವೇ. "ಹುಣ್ಣಿಮೆಗೆ ಎರಡೇ ದಿನ ಉಂಟು ಮಾರಾಯ. ಗಾಳಿ ಮರ ಬೀಳಿಸ್ತದೆ, ಮನೆ ಒಳಗೆ ಬರುವುದು ನೀರು."

ಆಮೇಲೆ ಕೂತು ಓದಿದೆ. ಚಂಡಮಾರುತದ ನಡುವೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಒತ್ತಡ 1 ಮಿಲಿಬಾರ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಏರುತ್ತದೆ. ಇದು ಚಿಲ್ಲರೆ ಲೆಕ್ಕ. ಅಸಲು ಕೆಲಸ ಮಾಡುವುದು ಗಾಳಿಯೇ, ಆದರೆ ನೀರಿನ ಮೂಲಕ. ಗಂಟೆಗಟ್ಟಲೆ ನೀರನ್ನು ದಡದ ಕಡೆಗೆ ದೂಡುತ್ತಾ ಬರುತ್ತದೆ, ದಡದ ಹತ್ತಿರ ಸಮುದ್ರಕ್ಕೆ ಆಳ ಇಲ್ಲದಿದ್ದರೆ ಆ ನೀರಿಗೆ ಹೋಗಲು ಬೇರೆ ಜಾಗ ಇಲ್ಲ, ಮೇಲೆ ಏರಿ ಊರಿಗೆ ನುಗ್ಗುತ್ತದೆ. ಅಲೆ ಆದರೆ ಬಂದು ವಾಪಸ್ ಹೋಗುತ್ತದೆ. ಇಲ್ಲಿ ಇಡೀ ಸಮುದ್ರವೇ ಏರಿ ನಿಲ್ಲುತ್ತದೆ, ಅಲೆಗಳು ಅದರ ಮೇಲೆ. ಉಬ್ಬರದ ಹೊತ್ತಿಗೇ ಬಂತೋ, ಮುಗೀತು. 1970ರ ನವೆಂಬರಿನಲ್ಲಿ ಈಗಿನ ಬಾಂಗ್ಲಾದೇಶದಲ್ಲಿ ಆದದ್ದು ಅದೇ. ಕಡಿಮೆ ಅಂದರೂ 3 ಲಕ್ಷ ಜನ ಹೋದರು. 1999ರ ಒಡಿಶಾದಲ್ಲೂ ಜಾಸ್ತಿ ಜನರನ್ನು ಕೊಂದದ್ದು ಒಳಗೆ ನುಗ್ಗಿದ ಸಮುದ್ರವೇ.

(1882ರಲ್ಲಿ ಮುಂಬೈಯಲ್ಲಿ ತೂಫಾನಿಗೆ ಲಕ್ಷ ಜನ ಸತ್ತರು ಅಂತ ಪ್ರತಿ ಸಲ ಫಾರ್ವರ್ಡ್ ಬರುತ್ತದಲ್ಲ, ಅದು ಸುಳ್ಳು. ದಯವಿಟ್ಟು ಕಳಿಸಬೇಡಿ.)

ನಿಸರ್ಗದಿಂದ ಮುಂಬೈ ಬಚಾವಾಯಿತು, ದೇವರ ದಯೆ ಅಂದರು. ದೇವರ ದಯೆಯೋ ಏನೋ, ದಿಕ್ಕಂತೂ ನಮ್ಮ ಕಡೆ ಇತ್ತು. ನಮ್ಮಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತದೆ. ನಿಸರ್ಗ ಅಲಿಬಾಗಿನ ದಕ್ಷಿಣಕ್ಕೆ ದಡ ಹತ್ತಿತು, ನಾವು ಅದು ಬರುವ ದಾರಿಯ ಎಡಗಡೆ. ನಮ್ಮ ಕಡೆ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸಿತು, ಬಲಗಡೆಯ ಶ್ರೀವರ್ಧನ, ದಿವೇಆಗರದ ಕಡೆ ಸಮುದ್ರದಿಂದ ನೆಲಕ್ಕೆ. ಅಲ್ಲಿಯ ಅಡಿಕೆ, ತೆಂಗಿನ ತೋಟಗಳ ಗತಿ ಏನಾಯ್ತು ಅಂತ ಹೋಗಿ ನೋಡಿದವರಿಗೆ ಗೊತ್ತು. ಅದೇ ತೂಫಾನು ಇನ್ನೂ ಉತ್ತರಕ್ಕೆ, ಪಾಲ್ಘರ್ ಕಡೆ ಹತ್ತಿದ್ದರೆ? ಬಲಗಡೆ ಇರುತ್ತಿದ್ದದ್ದು ನಾವು.

ಮರು ವರ್ಷ ತೌಕ್ತೆ. 2021ರ ಮೇ 17. ಅದು ದಡ ಹತ್ತಿದ್ದು ಗುಜರಾತಿನಲ್ಲಿ, ನಮ್ಮನ್ನು ಬಲಕ್ಕೆ ಬಿಟ್ಟು ಸಮುದ್ರದಲ್ಲೇ ದಾಟಿ ಹೋಯಿತು. ಅಷ್ಟಕ್ಕೇ ಗೇಟ್‌ವೇ ಹತ್ತಿರದ ಕಟ್ಟೆ ಕಿತ್ತು ಬಂತು, ನಾವು ಸಮುದ್ರಕ್ಕೆ ಕೊಟ್ಟ ಪ್ಲಾಸ್ಟಿಕ್ಕನ್ನೆಲ್ಲ ರಸ್ತೆಗೆ ವಾಪಸ್ ಎಸೆದು ಹೋಯಿತು. ಸಮುದ್ರದ ನಡುವೆ ಎಣ್ಣೆ ಬಾವಿಯ ಕೆಲಸಗಾರರಿದ್ದ ಪಿ-305 ಬಾರ್ಜ್ ಮುಳುಗಿತು, ಅದರಲ್ಲಿ ಹೋದ ಜೀವಗಳ ಬಗ್ಗೆ ಬರೆಯಲು ಈಗಲೂ ಕೈ ಬರುವುದಿಲ್ಲ. ಅತ್ತ ಊರಲ್ಲಿ ಉಳ್ಳಾಲ, ಉಚ್ಚಿಲದಲ್ಲಿ ಕಡಲ್ಕೊರೆತ. ನಮ್ಮಲ್ಲಿ ಇಷ್ಟೆಲ್ಲ ಆದದ್ದು ಅಕ್ಷಯ ತೃತೀಯ ಕಳೆದ ಮೂರನೇ ದಿನ, ಅಂದರೆ ಅಮಾವಾಸ್ಯೆ ಕಳೆದು ಆರು ದಿನ, ದೊಡ್ಡ ಉಬ್ಬರದ ದಿನವೂ ಅಲ್ಲ! ಅದು ಅಮಾವಾಸ್ಯೆಗೇ ಬಂದಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಮುಂಬೈಗೆ ಇನ್ನೊಂದು ಕಷ್ಟ. ನಮ್ಮ ನಾಲಾಗಳು ಸಮುದ್ರ ಸೇರುವ ಬಾಯಿ ಬಹುತೇಕ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಭರತಿ ಇದ್ದಾಗ ಮಳೆ ನೀರು ಹೊರಗೆ ಹೋಗುವುದಿಲ್ಲ, ಹಾಜಿ ಅಲಿ, ಇರ್ಲಾದಂಥ ಕಡೆ ಪಂಪ್ ಹಚ್ಚಿ ಎತ್ತಿ ಹಾಕಬೇಕು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ತೂಫಾನೇನೂ ಇರಲಿಲ್ಲ, ಬರೀ ಮಳೆ ಮತ್ತು ಭರತಿ. ಅದಕ್ಕೇ ಊರು ಮುಳುಗಿತು.

ಇದನ್ನೆಲ್ಲ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಹೇಳಿದೆ. ದೊಡ್ಡದೇನೂ ಕೇಳಲಿಲ್ಲ. ಕೆಳಗಿನ ಮೀಟರ್ ಬಾಕ್ಸ್‌ಗಳನ್ನು ಸ್ವಲ್ಪ ಮೇಲೆ ಎತ್ತಿ ಕೂರಿಸಿ, ನೆಲದೊಳಗಿನ ಟ್ಯಾಂಕಿಗೆ ಉಪ್ಪು ನೀರು ನುಗ್ಗದ ಹಾಗೆ ಬಾಯಿ ಎತ್ತರಿಸಿ, ಅಷ್ಟೇ. ಒಬ್ಬ ಕಾಕಾ ನಗುತ್ತಾ, ಮುಂಬಾದೇವಿ ಇದ್ದಾಳೆ, ಸುಮ್ನೆ ಯಾಕೆ ಖರ್ಚು ಅಂದರು. ಅವರಿರುವುದು ಏಳನೇ ಮಾಳಿಗೆಯಲ್ಲಿ, ಸರಿಯೇ. ವಾಚ್‌ಮನ್ ಮಲಗುವುದು ಮೀಟರ್ ರೂಮಿನ ಪಕ್ಕ, ಅವನನ್ನು ಮೀಟಿಂಗಿಗೆ ಯಾರೂ ಕರೆದಿರಲಿಲ್ಲ.

ಕೊನೆಗೆ ಪಾಸಾದದ್ದು ಲಾಬಿಗೆ ಹೊಸ ಟೈಲ್ಸ್. ಚೆನ್ನಾಗಿದೆ, ಹೊಳೆಯುತ್ತದೆ. ಮೀಟರ್ ಬಾಕ್ಸ್‌ಗಳು ಈಗಲೂ ನನ್ನ ಮೊಣಕಾಲಿನ ಎತ್ತರಕ್ಕೇ ಇವೆ. ಮಾವ ಮೊನ್ನೆ ಬಂದವರು ಟೈಲ್ಸ್ ನೋಡಲಿಲ್ಲ, ಅದನ್ನೇ ನೋಡಿದರು. ಆಮೇಲೆ ನಮ್ಮ ಅಡುಗೆಮನೆಯ ಪಂಚಾಂಗ ತೆಗೆದು ಜೂನ್ ತಿಂಗಳ ಅಮಾವಾಸ್ಯೆ, ಹುಣ್ಣಿಮೆಗೆ ಪೆನ್ನಿನಲ್ಲಿ ಸುತ್ತು ಹಾಕಿಟ್ಟು ಹೋದರು.