ಬೀಗ ಹಾಕಿದವರ ಸಂಬಳ

ಅಂತೂ ಅಮೆರಿಕ ಸರ್ಕಾರದ ಬಾಗಿಲು ತೆರೆಯಿತು. ಬಜೆಟ್ ಪಾಸಾಗದೆ 2025ರ ಅಕ್ಟೋಬರ್ 1ಕ್ಕೆ ಬಿದ್ದ ಬೀಗ ನವೆಂಬರ್ 12ರ ರಾತ್ರಿ ತೆಗೆದರು. 43 ದಿನ! ಹಳೆಯ ದಾಖಲೆ 35 ದಿನದ್ದು, ಅದೂ ಟ್ರಂಪ್ ಸಾಹೇಬರದ್ದೇ. ಅವರ ದಾಖಲೆ ಮುರಿಯಲು ಅವರೇ ಬರಬೇಕಾಯಿತು.

ನಮ್ಮ ಲೋಕಸಭೆಯಲ್ಲಿ ಬಜೆಟ್ ಬಿದ್ದರೆ ಸರ್ಕಾರ ಮನೆಗೆ ಹೋಗಬೇಕು. ಅಲ್ಲಿ ನೌಕರರು ಮನೆಗೆ ಹೋಗುತ್ತಾರೆ. ಅತ್ಯಗತ್ಯ ಅನ್ನಿಸಿಕೊಂಡವರಿಗೆ ಆ ಭಾಗ್ಯವೂ ಇಲ್ಲ, ಸಂಬಳವಿಲ್ಲದೆ ದುಡಿಯಬೇಕು. ವಿಮಾನಗಳಿಗೆ ದಾರಿ ತೋರಿಸುವ ಕಂಟ್ರೋಲರ್‌ಗಳಿಗೆ ಅಕ್ಟೋಬರ್ ಕೊನೆಗೆ ಬಂದ ಸಂಬಳದ ಚೀಟಿಯಲ್ಲಿ ಇದ್ದದ್ದು ಸೊನ್ನೆ.

ಬೀಗ ಹಾಕಿದ ಸಂಸದರ ಸಂಬಳ? ಅದು ವರ್ಷವರ್ಷದ ಬಜೆಟ್ಟಿಗೆಲ್ಲ ಕಾಯಲ್ಲ. ಕೆಳಮನೆಯವರಂತೂ ಸೆಪ್ಟೆಂಬರ್ 19ಕ್ಕೆ ಎದ್ದು ಹೋದವರು ಮತಕ್ಕೆಂದು ಮತ್ತೆ ಸೇರಿದ್ದು ನವೆಂಬರ್ 12ಕ್ಕೆ. ಸಂಬಳ ಕಡಿತ ಮಾಡಿ ಅಂದರೆ ಸಂವಿಧಾನದ 27ನೇ ತಿದ್ದುಪಡಿ ಅಡ್ಡ ಬರುತ್ತದಂತೆ. ಮುಂದಿನ ಚುನಾವಣೆವರೆಗೆ ಅವರ ಸಂಬಳ ಬದಲಿಸುವಂತಿಲ್ಲ.

ಈ ತಿದ್ದುಪಡಿಯ ಕತೆ ಕೇಳಿ, ಮಜವಾಗಿದೆ. 1789ರಲ್ಲಿ, ಮುಂದೆ ಅಧ್ಯಕ್ಷನಾದ ಮ್ಯಾಡಿಸನ್ ತಂದದ್ದು. ಸಾಕಷ್ಟು ರಾಜ್ಯಗಳು ಒಪ್ಪದೆ ಧೂಳು ತಿನ್ನುತ್ತಾ ಬಿದ್ದಿತ್ತು. 1982ರಲ್ಲಿ ಟೆಕ್ಸಾಸ್‌ನ ಒಬ್ಬ ಕಾಲೇಜು ಹುಡುಗ, ಇದಕ್ಕೆ ಇನ್ನೂ ಜೀವ ಇದೆ ಎಂದು ಪ್ರಬಂಧ ಬರೆದ. ಸಿಕ್ಕಿದ್ದು ‘ಸಿ’ ಗ್ರೇಡ್. ಹುಡುಗ ಹಟ ಹಿಡಿದು ರಾಜ್ಯ ರಾಜ್ಯಕ್ಕೆ ಪತ್ರ ಬರೆದ. 1992ರಲ್ಲಿ ತಿದ್ದುಪಡಿ ಪಾಸಾಯಿತು. ಹುಡುಗ ಪಾಸಾಗಲು 2017 ಬೇಕಾಯಿತು, ಆಗ ವಿಶ್ವವಿದ್ಯಾಲಯ ಅವನಿಗೆ ‘ಎ’ ಕೊಟ್ಟಿತು. ಸಂಸದರು ಮನಬಂದಂತೆ ಸಂಬಳ ಏರಿಸಿಕೊಳ್ಳಬಾರದು ಅಂತ ಪಾಪ ಅವನು ಒದ್ದಾಡಿದ್ದು. ಈಗ ಅದೇ ಅವರಿಗೆ ಗುರಾಣಿ.

ಇಲ್ಲಿಯವರೆಗೆ ನಗಬಹುದು. ಆದರೆ ಸರ್ಕಾರದ ನೆರವಿನಿಂದ ದಿನಸಿ ತರುವವರು ಅಲ್ಲಿ ಸುಮಾರು 4.2 ಕೋಟಿ ಜನ. ನವೆಂಬರ್ 1ಕ್ಕೆ ಆ ದುಡ್ಡು ನಿಂತಿತು. ಪೂರ್ತಿ ಕೊಡಿ ಎಂದು ಕೋರ್ಟ್ ಹೇಳಿದರೆ, ಕೊಡೋದಿಲ್ಲ ಅಂತ ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿತು. ಮಕ್ಕಳ ಊಟ ತಡೆಯಲು ವಕೀಲರನ್ನು ಇಡುತ್ತಾರಲ್ಲ, ಇದಕ್ಕೆ ಏನು ತಮಾಷೆ ಮಾಡೋದು? ನಾಚಿಕೆಗೇಡು, ಅಷ್ಟೇ.

ಇಷ್ಟೆಲ್ಲ ಆಗಿ ಯಾರಿಗೆ ಏನು ಸಿಕ್ಕಿತು? ಆರೋಗ್ಯ ವಿಮೆಯ ಸಬ್ಸಿಡಿಗಾಗಿ ಪಟ್ಟು ಹಿಡಿದ ವಿರೋಧ ಪಕ್ಷದ ಡೆಮಾಕ್ರಾಟರಿಗೆ, ಡಿಸೆಂಬರ್‌ನಲ್ಲಿ ಮತಕ್ಕೆ ಹಾಕೋಣ ಎಂಬ ಬಾಯಿಮಾತು. ಮೇಲ್ಮನೆಯ ಸೆನೆಟರ್‌ಗಳಿಗೆ ಮಾತ್ರ ಬರವಣಿಗೆಯಲ್ಲೇ ಸಿಕ್ಕಿತು. ಬೀಗ ತೆಗೆಯುವ ಮಸೂದೆಯೊಳಗೇ ಒಂದು ಸಾಲು ತೂರಿಸಿದ್ದರು: ತಮಗೆ ತಿಳಿಸದೆ ತನಿಖೆಯವರು ಫೋನ್ ದಾಖಲೆ ತೆಗೆದಿದ್ದರೆ ಸೆನೆಟರ್ ಸರ್ಕಾರದ ಮೇಲೆ ಕೇಸು ಹಾಕಬಹುದು ಎಂದಿತ್ತು ಅದರಲ್ಲಿ. ಪರಿಹಾರ, ಒಂದೊಂದು ಸಲಕ್ಕೂ ಕನಿಷ್ಠ 5 ಲಕ್ಷ ಡಾಲರ್.